ಯಮನೂರಪ್ಪನ ಹೆಸರಿನ ಸ್ಲೈಡು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ನಾನು ಮುದುಕನಾದೆ. ಮಗಳ ಮದುವೆ ಆಗಲಿ ಎಂದೆ, ನಿವೃತ್ತಿ ಆಗಲಿ ಎಂದೆ, ಕಣ್ಣಿನ ಆಪರೇಷನ್ ಮುಗಿಯಲಿ ಎಂದೆ. ಈಗ ನೆಪಗಳು ತೀರಿವೆ. ಹೇಳಬೇಕಾದದ್ದು ಇಷ್ಟು — ಯಮನೂರಪ್ಪ ಎಂಬ ಕೂಲಿಯವನ ರಕ್ತವೆಂದು ನಾನು ನನ್ನ ರಕ್ತವನ್ನು ಕೊಟ್ಟೆ. ಅವನು ನನ್ನನ್ನು ನಂಬಿ ಸತ್ತ. ಅವನು ಸತ್ತ ಮೇಲೆ ನಿಜ ನುಡಿದ ಅವನ ಹೆಂಡತಿಯನ್ನು ಎಲ್ಲರೆದುರು ಸುಳ್ಳಾಗಿಸಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಲಬುರ್ಗಾದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಗಂಗಾವತಿಯಲ್ಲಿ ಕೆಲಸ ಹುಡುಕುತ್ತಿದ್ದೆ. ಅಲ್ಲಿ ಒಬ್ಬ ಲೇಡಿ ಡಾಕ್ಟರ್ — ನಮ್ಮ ಕಡೆ ಗೌರವದಿಂದ ಅನ್ನುವಂತೆ, ಬಾಯಿಯವರು — ಬಾಡಿಗೆಯ ಎರಡು ಕೋಣೆಗಳಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಸಂಶೋಧನೆ ನಡೆಸುತ್ತಿದ್ದರು. ಮೈಸೂರು ಕಡೆಯವರು. ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಕೀಟನಾಶಕ ಸಿಂಪಡಿಸುವ ಕೂಲಿಗಳ ರಕ್ತವನ್ನು ಅವರು ಪರೀಕ್ಷಿಸುತ್ತಿದ್ದರು. ನಮ್ಮ ಜನ ಅದಕ್ಕೆ ‘ಎಣ್ಣಿ ಹೊಡಿಯೂದು’ ಅನ್ನುತ್ತಾರೆ. ಆ ಎಣ್ಣೆ ಎಲುಬಿನ ಒಳಗಿನ ಮಜ್ಜೆಯನ್ನು ಕೆಡಿಸುತ್ತದೆಯೇ, ರೋಗದ ಜೊತೆ ಸೆಣಸುವ ಬಿಳಿ ಕಣಗಳು ಅಲ್ಲಿ ಹುಟ್ಟುವುದು ನಿಲ್ಲುತ್ತದೆಯೇ — ಇದು ಅವರ ಪ್ರಶ್ನೆ. ನಾನು ಅವರ ಸಹಾಯಕ. ಬೆರಳಿಗೆ ಸೂಜಿ ಚುಚ್ಚುವುದು, ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರುವುದು, ಒಣಗಿದ ಮೇಲೆ ಪೆನ್ಸಿಲಿನಿಂದ ಹೆಸರು ಬರೆಯುವುದು ಕಲಿತಿದ್ದೆ.

ಹುಲಿಹೈದರದ ಕಡೆಯ ಒಂದು ಹಳ್ಳಿಯ ಹತ್ತು ಮಂದಿ ಈ ಕೂಲಿಗೆ ಹೋಗುತ್ತಿದ್ದರು. ಮೊದಲ ಸಲ ಬಾಯಿಯವರೇ ಬಂದು ರಕ್ತ ತೆಗೆದರು. ಮಜ್ಜೆಯ ವಿಷಯ ಅವರು ವಿವರಿಸಿದಾಗ ಯಮನೂರಪ್ಪ ಎಲ್ಲರನ್ನೂ ನಗಿಸಿದ್ದ.

‘ನಮ್ಮ ಎಲುಬಿನಾಗ ಏನ್ ಇರತೈತ್ರಿ ಬಾಯಾರ? ಜ್ವಾಳದ ರೊಟ್ಟಿ, ಪುಂಡಿಪಲ್ಲೆ, ಅಷ್ಟ.’

ಆದರೆ ಅವನ ರಕ್ತದಲ್ಲೇ ಬಿಳಿ ಕಣಗಳು ತೀರಾ ಕಡಿಮೆ ಇದ್ದವು. ಒಂದು ತಿಂಗಳು ಎಣ್ಣೆಯ ಹತ್ತಿರ ಹೋಗಬೇಡ, ಆಮೇಲೆ ಮತ್ತೆ ನೋಡೋಣ, ಆಗಲೂ ಕಡಿಮೆ ಇದ್ದರೆ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಬೇಕು ಎಂದರು ಬಾಯಿಯವರು. ಅಂದರೆ ಎರಡನೆಯ ಸ್ಲೈಡಿನ ಮೇಲೆ ಎಲ್ಲವೂ ನಿಂತಿತ್ತು. ಇದು ನನಗೆ ಗೊತ್ತಿತ್ತು — ಗೊತ್ತಿರಲಿಲ್ಲ ಎಂದು ಹೇಳಲಾರೆ.

ಎರಡನೆಯ ಸಲ ಅವರು ನನ್ನೊಬ್ಬನನ್ನೇ ಕಳಿಸಿದರು. ಕೂಲಿಯವರೆಲ್ಲ ಊರಲ್ಲಿ ಸಿಗುವ ದಿನ ಯಾವುದು ಎಂದು ಕೇಳಿದಾಗ, ಅಮಾವಾಸ್ಯೆ ಎಂದವನು ನಾನೇ. ಅಂದು ಯಾರೂ ಕೆಲಸಕ್ಕೆ ಹೋಗುವುದಿಲ್ಲ. ‘ನೀನು ಇಲ್ಲದಿದ್ದರೆ ನನಗೆ ಇದೆಲ್ಲ ಹೇಗೆ ತಿಳಿಯುತ್ತಿತ್ತು’ ಎಂದರು ಅವರು. ನಾನು ಉಬ್ಬಿಹೋದೆ. ಕೆಲಸಕ್ಕೆ ಹೋಗದ ಆ ಜನ ಅಂದು ಮೈಯಿಂದ ರಕ್ತವನ್ನೂ ತೆಗೆಸುವುದಿಲ್ಲ ಎಂಬುದು — ಹಳ್ಳಿಯಲ್ಲಿ ಹುಟ್ಟಿದ ನನಗೆ — ಹೊಳೆಯಲೇ ಇಲ್ಲ.

ಸೂಜಿ ಹೊರಗೆ ತೆಗೆದದ್ದೇ ತಡ, ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ತರಾಟೆಗೆ ತೆಗೆದುಕೊಂಡಳು. ‘ಅಮಾಸಿ ದಿನ ಎತ್ತಿನ ಮೈಗೆ ಬಾರಕೋಲು ಸೈತ ತಾಕಸಂಗಿಲ್ಲ. ನೀ ಮನಿಷ್ಯಾರಿಗೆ ಚುಚ್ಚಾಕ ಬಂದೀಯೇನು? ಸಾಲಿ ಕಲ್ತು ಇದನ್ನ ಕಲ್ತಿಯೇನಪಾ?’

ಹತ್ತು ಮಂದಿಯೂ ನಕ್ಕು ಕೈ ಹಿಂದಕ್ಕೆ ಕಟ್ಟಿಕೊಂಡರು. ‘ನಾಳೆ ಬಾ’ ಎಂದರು. ಆದರೆ ನಾಳೆ ನಸುಕಿಗೇ ಯಮನೂರಪ್ಪನನ್ನು ಬಿಟ್ಟು ಉಳಿದವರೆಲ್ಲ ಊರು ಬಿಡುವವರು. ಖಾಲಿ ಕೈಯಲ್ಲಿ ಹೋಗಿ ನನ್ನ ತಪ್ಪನ್ನು ಬಾಯಿಯವರಿಗೆ ಹೇಳುವುದು — ಅಷ್ಟೇ ಇದ್ದದ್ದು. ಅಷ್ಟು ನನ್ನಿಂದಾಗಲಿಲ್ಲ. ಊರ ಹೊರಗೆ ಹಳ್ಳದ ದಂಡೆಯಲ್ಲಿ ಸೈಕಲ್ ನಿಲ್ಲಿಸಿ ಕುಳಿತೆ. ನನ್ನ ಹತ್ತು ಬೆರಳಿಗೂ ಸೂಜಿ ಚುಚ್ಚಿಕೊಂಡೆ. ಹತ್ತು ಸ್ಲೈಡು, ಹತ್ತು ಹೆಸರು. ಎಂಟನೆಯದರ ಮೇಲೆ ಯಮನೂರಪ್ಪ ಎಂದು ಬರೆದೆ.

ಬಾಯಿಯವರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ನಕ್ಕರು. ಒಂದು ತಿಂಗಳ ವಿಶ್ರಾಂತಿಗೆ ಮಜ್ಜೆ ಚೇತರಿಸಿಕೊಂಡಿದೆ, ಇದು ದೊಡ್ಡ ಸಂಗತಿ ಎಂದರು. ಯಮನೂರಪ್ಪ ಕೆಲಸಕ್ಕೆ ಹೋಗಬಹುದೆಂಬ ಚೀಟಿಯನ್ನು ನನ್ನ ಕೈಯಲ್ಲೇ ಕಳಿಸಿದರು.

ಅವನು ಮನೆಯ ಮುಂದೆ ಮಂಚಕ್ಕೆ ಹಗ್ಗ ಹೆಣೆಯುತ್ತಿದ್ದ. ನಿನ್ನ ರಕ್ತ ಛಲೋ ಐತಂತ ಎಂದೆ.

‘ಅಲ್ಲೋ ಮಾರಾಯ, ಮೊನ್ನಿ ನಾ ರಕ್ತಾನ ಕೊಟ್ಟಿಲ್ಲ. ಛಲೋ ಐತಿ ಅಂತ ಹೆಂಗ ಗೊತ್ತಾತು? ನನ್ನ ಮೀಸಿ ನೋಡಿ ಹೇಳಿದ್ರೇನು?’

‘ಅದು ಹಿಂದಿನ ರಕ್ತದ್ದಪಾ. ಅವಾಗ ಅರ್ಧಾ ನೋಡಿದ್ರು. ತಪಾಸ ಈಗ ಪೂರಾ ಆತು.’

‘ಹಂಗಂದ್ರ ಆತು ಬಿಡು. ನೀ ಹೇಳಿದ ಮ್ಯಾಲೆ ಮುಗೀತು.’

ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು.

‘ಅಣ್ಣಾ, ಇವತ್ತ ಅಮಾಸಿ ಅಲ್ಲಲ್ರಿ. ಹೆಂಗೂ ಬಂದೀರಿ, ಇನ್ನೊಂದ್ಸಲ ಚುಚ್ಚಿ ನೋಡ್ರಿ. ನನಗ ಸಮಾಧಾನ ಆಕ್ಕೈತಿ.’

ಸೂಜಿ ನನ್ನ ಚೀಲದಲ್ಲೇ ಇತ್ತು. ಹಳ್ಳದ ದಂಡೆಯಲ್ಲಿ ಮಾಡಿದ್ದನ್ನು ತಿದ್ದಲು ಆಕೆ ದಾರಿ ತೆರೆದುಕೊಟ್ಟಳು. ಆದರೆ ಇವತ್ತಿನ ರಕ್ತ ಮೊನ್ನೆಯದಕ್ಕೆ ಹೊಂದದಿದ್ದರೆ —

‘ಬ್ಯಾಡ ತಂಗಿ, ಅದರ ಗರಜ ಇಲ್ಲ’ ಎಂದೆ.

ಯಮನೂರಪ್ಪನ ಸಾವು ನಡೆದದ್ದು ಆ ಮಾತಿನಲ್ಲಿ. ಉಳಿದದ್ದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಅಷ್ಟೆ.

ಮತ್ತೆ ಎಣ್ಣೆ ಹೊಡೆಯಲು ಹೋಗಿದ್ದ ಅವನಿಗೆ ಜ್ವರ ಇಳಿಯದೆ, ಬಾಯೆಲ್ಲ ಹುಣ್ಣಾಗಿ, ವಸಡಿನಿಂದ ರಕ್ತ ಜಿನುಗತೊಡಗಿದಾಗ ಗಂಗಾವತಿಗೆ ತಂದು ಆಸ್ಪತ್ರೆಗೆ ಸೇರಿಸಿದರು. ಬಾಯಿಯವರು ಅಲ್ಲಿಗೆ ಹೋಗಿ ಅವನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ನಾನು ಅವನ ಭುಜ ಹಿಡಿದಿದ್ದೆ. ಸಂಜೆ ಅವರು ಆ ಸ್ಲೈಡನ್ನು ಮೂಲೆಯಿಂದ ಮೂಲೆಗೆ ಸರಿಸಿ ನೋಡಿದರು. ‘ಇಲ್ಲಿ ಏನೂ ಹುಟ್ಟುತ್ತಿಲ್ಲ’ ಎಂದರು. ಎಂಟನೆಯ ದಿನ ಅವನು ತೀರಿಕೊಂಡ.

ಶವ ಒಯ್ಯಲು ಊರವರು ಬಂದು ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದರು. ಬಾಯಿಯವರು ಅವನ ಹೆಂಡತಿಯ ಕೈ ಹಿಡಿದು, ಎರಡನೆಯ ಸಲ ರಕ್ತ ಸರಿಯಾಗಿಯೇ ಇತ್ತಮ್ಮ, ಎಲ್ಲಿ ತಪ್ಪಿದೆನೋ ತಿಳಿಯದು ಎಂದರು. ಆಕೆ ತಲೆಯೆತ್ತಿದಳು.

‘ಎರಡನೇ ಸಲ ಅವರು ರಕ್ತಾನ ಕೊಟ್ಟಿದ್ದಿಲ್ರಿ ಬಾಯಾರ. ಅವತ್ತ ಅಮಾಸಿ ಇತ್ತು.’

ಬಾಯಿಯವರು ನನ್ನ ಕಡೆ ತಿರುಗಿದರು. ಊರವರೂ ನೋಡಿದರು. ಅಮಾವಾಸ್ಯೆಯ ದಿನದ ನಿಜ ಉಳಿದ ಒಂಬತ್ತು ಕೂಲಿಯವರಿಗೆ ಗೊತ್ತಿತ್ತು. ಆದರೆ ಅವರು ಗದ್ದೆಗಳಿಂದ ಇನ್ನೂ ಬಂದಿರಲಿಲ್ಲ.

‘ದುಃಖದಾಗ ಅದಾಳ್ರಿ, ಮರ್ತಾಳ’ ಎಂದೆ. ‘ಮರುದಿನ ನಸಿಕ್ಲೆ ದಾರ್‍ಯಾಗ ನಿಂದ್ರಿಸಿ ನಾನ ತಗೊಂಡೇನ್ರಿ. ಆಕಿ ಅಲ್ಲಿ ಇರಲಿಲ್ಲ.’

ಬಾಯಿಯವರು ನನ್ನನ್ನು ನಂಬಿದರು. ಆಕೆಯ ಬೆನ್ನು ಸವರಿ, ‘ಇಂಥ ಹೊತ್ತಿನಲ್ಲಿ ನೆನಪು ಹಾಗೇ ಆಗುತ್ತಮ್ಮ’ ಎಂದರು. ಆಕೆ ಕೈ ಬಿಡಿಸಿಕೊಂಡಳು. ನನ್ನನ್ನೇ ನೋಡಿ ಮೆಲ್ಲಗೆ ಅಂದಳು —

‘ಅಣ್ಣಾ ಅಂತ ಕರದಿದ್ನಲ್ಲ.’

ಬಾಯಿಯವರು ಆ ಎಂಟನೆಯ ಸ್ಲೈಡನ್ನು ಎಷ್ಟು ಸಲ ತೆಗೆದು ನೋಡಿದರೋ. ತಮ್ಮ ಕಣ್ಣೇ ಮೋಸ ಮಾಡಿತೆಂದು ತಿಳಿದು, ಬರೆದಿದ್ದನ್ನೆಲ್ಲ ಕಟ್ಟಿಟ್ಟು, ಮುಂದಿನ ವರ್ಷ ಕೋಣೆಗಳನ್ನು ಖಾಲಿ ಮಾಡಿ ಹೋದರು. ಅವರ ಪ್ರಶ್ನೆ ಸರಿಯಾಗಿತ್ತು ಎಂದು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಹೋಗುವಾಗ ನನಗೊಂದು ಪತ್ರ ಬರೆದುಕೊಟ್ಟರು. ಅದರಲ್ಲಿ ‘ನಂಬಿಗಸ್ತ’ ಎಂಬ ಮಾತಿತ್ತು. ಆ ಪತ್ರದಿಂದಲೇ ನನಗೆ ಸರಕಾರಿ ನೌಕರಿ ಸಿಕ್ಕಿತು. ಅದರ ಪಿಂಚಣಿಯಲ್ಲಿ ಇಂದೂ ಉಣ್ಣುತ್ತಿದ್ದೇನೆ.

ಆಮೇಲೆ ಊರಲ್ಲಿ ಆಕೆ ಆ ಮಾತನ್ನೇ ಹೇಳುತ್ತ ಹೋದಳಂತೆ. ಉಳಿದ ಒಂಬತ್ತು ಮಂದಿ, ನಮ್ಮಿಂದಂತೂ ರಕ್ತ ತೆಗೆದಿಲ್ಲ, ಅವನೊಬ್ಬನದು ತೆಗೆದಿರಬೇಕು ಎಂದು ಸುಮ್ಮನಾದರು. ಗಂಡ ಹೋದ ಮೇಲೆ ಆಕಿ ತಲಿ ಕೆಟ್ಟೈತಿ ಎಂದು ಜನ ಆಡಿಕೊಂಡರು. ಒಮ್ಮೆ ಹುಲಿಗಿಯಲ್ಲಿ, ದೇವಿಯ ಗುಡಿಗೆ ಬಂದ ಮಂಗಳವಾರದ ಜನದಲ್ಲಿ, ದೂರದಿಂದ ಆಕೆಯನ್ನು ಕಂಡೆ. ಕೂದಲು ಬೆಳ್ಳಗಾಗಿತ್ತು. ಕಾಲುಗಳು ಆಕೆಯ ಕಡೆ ಎರಡು ಹೆಜ್ಜೆ ಇಟ್ಟವು — ಆಮೇಲೆ ನಾನು ಹೊಳೆಯ ಕಡೆ ತಿರುಗಿಕೊಂಡೆ.

ಈ ಕಾಗದವನ್ನು ಆ ಊರಿಗೆ ಒಯ್ದು, ಆಕೆಯ ಬಾಗಿಲಲ್ಲಿ, ಊರವರನ್ನು ಕರೆದು ನಾನೇ ಓದಬೇಕೆಂದಿದ್ದೇನೆ. ಆಕೆ ಬಾಗಿಲು ತೆರೆಯದಿದ್ದರೂ ಓದುತ್ತೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಆಕೆಗೆ ಮರೆವಾಗಿರಲಿಲ್ಲ, ತಲೆ ಕೆಟ್ಟಿರಲಿಲ್ಲ, ಆಕೆ ಹೇಳಿದ ಒಂದೊಂದು ಅಕ್ಷರವೂ ನಿಜ. ಇಷ್ಟು ಹೊತ್ತೂ ಅವನ ಹೆಂಡತಿ, ಆಕೆ ಎಂದೇ ಬರೆದೆ. ಹೆಸರು ಬರೆಯಲು ಕೈ ಏಳಲಿಲ್ಲ. ಆಕೆಯ ಹೆಸರು ಹುಲಿಗೆವ್ವ.