ತಪ್ಪು ಮಾಡದ ಬೋರ್ಡು

ಪಾಠ ಮುಗಿಸಿ ತರಗತಿಯಿಂದ ಹೊರಬರುವಾಗ ಎರಡೂ ಕೈಗಳನ್ನು ಪಟಪಟನೆ ಕೊಡವಿಕೊಳ್ಳುವುದು ನನ್ನ ಚಾಳಿ. ಪಡುಬಿದ್ರಿಯ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡು ಬಂದ ಮೇಲೆ ಕೊಡವಲು ಸೀಮೆಸುಣ್ಣದ ಹುಡಿಯೇ ಇಲ್ಲ. ಆದರೂ ಕೈ ಕೇಳುವುದಿಲ್ಲ. ಮಕ್ಕಳು ಬೆನ್ನ ಹಿಂದೆ ಅಣಕಿಸುತ್ತಾರೆಂದೂ ಗೊತ್ತು. ಏನು ಮಾಡಲಿ ಹೇಳಿ, ಇದು ಲಿಲ್ಲಿ ಟೀಚರಿಂದ ಬಂದದ್ದು.

ಲಿಲ್ಲಿ ಟೀಚರ್ ಬೆಳ್ಮಣ್ಣಿನ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು. ಕರಿಹಲಗೆಯ ಮೇಲೆ ಅವರು ಬರೆಯುತ್ತಿದ್ದ ಚಿತ್ರಗಳು ಬಹಳ ಚೆಂದ, ಆದರೆ ಎಲ್ಲಾದರೊಂದು ಎಡವಟ್ಟು ಇದ್ದೇ ಇರುತ್ತಿತ್ತು. ಬಾವಲಿಗೆ ಕೊಕ್ಕು ಮೂಡುತ್ತಿತ್ತು. ಜೇಡಕ್ಕೆ ಆರೇ ಕಾಲು. ನಾನು ತಡೆಯಲಾರದೆ ಎದ್ದು, "ಟೀಚರ್, ಜೇಡಕ್ಕೆ ಎಂಟು ಕಾಲು!" ಎಂದು ಕೂಗಿದೆ. ಅವರು ಹಣೆಗೆ ಕೈಯಿಟ್ಟುಕೊಂಡು, "ಅಯ್ಯೋ ದೇವರೇ, ನಂಗೆ ಎಂತ ಆಗಿದೆ ಮಾರಾಯ್ತಿ! ಬಾ, ನೀನೇ ಹಾಕು" ಎಂದು ಸೀಮೆಸುಣ್ಣ ಕೊಟ್ಟರು. ಕಾಲು ಹಾಕಿ, ಅವರಂತೆಯೇ ಕೈ ಕೊಡವಿಕೊಂಡು ಬಂದು ಕೂತೆ. ಪಾಪ, ಒಳ್ಳೆಯವರು, ಬುದ್ಧಿ ಸ್ವಲ್ಪ ಕಡಿಮೆ ಎಂದು ನಾನು ಮರುಗಿದ್ದುಂಟು. ಅವರಿಗಿಂತ ಒಳ್ಳೆಯ ಟೀಚರ್ ಆಗಬೇಕೆಂದು ನಿಶ್ಚಯಿಸಿದ್ದೂ ಆಗಲೇ.

ಕೆಲಸ ಸಿಕ್ಕಿದ ಮೇಲೆ ಅವರನ್ನು ಕಾಣಲು ಹೋಗಿ, ಚಹಾ ಕುಡಿಯುತ್ತಾ ಜೇಡದ ಕಥೆ ನೆನಪಿಸಿದೆ. ಅವರು ನಕ್ಕರು. "ಅದು ಬೇಕೆಂದೇ ಮಾಡ್ತಿದ್ದದ್ದು ಅಲ್ವಾ! ಟೀಚರೇ ಮೊದಲು ತಪ್ಪಿದರೆ ಮಕ್ಕಳಿಗೆ ಬಾಯಿ ಬರ್ತದೆ." ಅಷ್ಟು ವರ್ಷ ಮರುಗಿದ್ದೆಲ್ಲ ದಂಡವಾಯಿತು. ಬುದ್ಧಿ ಕಡಿಮೆ ಇದ್ದದ್ದು ಯಾರಿಗೆಂದು ನಾನು ಹೇಳಬೇಕಾಗಿಲ್ಲ.

ಈ ಮಾತು ಮತ್ತೆ ನೆನಪಾಗಲು ಕಾರಣ ಜೆನಿಟಾ. ಗಲ್ಫಿನಲ್ಲಿ ಬೆಳೆದು, ತಾಯಿಯ ಜೊತೆ ಊರಿಗೆ ಬಂದು ನಮ್ಮ ಶಾಲೆ ಸೇರಿದ ಹುಡುಗಿ. ಮೊದಲ ವಾರ ಕನ್ನಡ ಪಾಠ ಓದಲು ಎದ್ದು ತೊದಲಿದಳಂತೆ, ತರಗತಿ ಗೊಳ್ಳೆಂದು ನಕ್ಕಿತಂತೆ. ಅಂದು ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಹಾಜರಿಗೂ ಕೈ ಮಾತ್ರ ಎತ್ತುತ್ತಿದ್ದಳು. ನಾನು ಪುಸಲಾಯಿಸಿದೆ, ಚಾಕಲೇಟು ಕೊಟ್ಟೆ. ಚಾಕಲೇಟು ತೆಗೆದುಕೊಂಡಳು, ಮಾತು ಕೊಡಲಿಲ್ಲ.

ಅವಳ ತಾಯಿಯನ್ನು ಕರೆಸಿದರೆ ಅವರು ಬೇರೆಯೇ ಕಥೆ ಹೇಳಿದರು. "ಮನೆಯಲ್ಲಿ ಬಾಯಿ ನಿಲ್ಲುವುದೇ ಇಲ್ಲ ಟೀಚರ್! ಮೊಬೈಲಿನಲ್ಲಿ ಆ ಎಐ ಉಂಟಲ್ಲ, ಅದರ ಹತ್ತಿರ ಕನ್ನಡದಲ್ಲೇ ಮಾತಾಡ್ತಾಳೆ. ಕ್ಲಾಸಿನಲ್ಲಿ ಯಾಕೆ ಮಾತಾಡುವುದಿಲ್ಲ ಅಂತ ಕೇಳಿದೆ. ಅದು ನಗುವುದಿಲ್ಲ ಮಮ್ಮಿ ಅಂತಾಳೆ."

ಸುಳ್ಳು ಯಾಕೆ, ನನಗೆ ಹೊಟ್ಟೆಕಿಚ್ಚಾಯಿತು. ಜೊತೆಗೆ ಸಂಕಟವೂ. ನಗದ ಗೆಳೆಯ ಸಿಕ್ಕಿದ್ದು ಒಳ್ಳೆಯದೇ. ಆದರೆ ಜೀವನವಿಡೀ ನಗದವರ ಜೊತೆಗೇ ಮಾತಾಡಿಕೊಂಡು ಇರಲು ಆಗುತ್ತದೆಯೇ? ಒಮ್ಮೆ, ಒಂದೇ ಒಮ್ಮೆ ಅವಳ ದನಿ ತರಗತಿಯಲ್ಲಿ ಕೇಳಬೇಕು ಎಂಬ ಹಟ ನನಗೆ ಹಿಡಿಯಿತು.

ಲಿಲ್ಲಿ ಟೀಚರ ದಾರಿಯನ್ನೇ ಹಿಡಿದೆ, ನನ್ನ ಕಾಲಕ್ಕೆ ತಕ್ಕ ಹಾಗೆ. ಏಡಿಯ ಪಾಠಕ್ಕೆ ಒಂದು ಚಿತ್ರ ಮಾಡಿಕೊಡು, ಬೇಕೆಂದೇ ಕೆಲವು ಕಾಲು ಕಡಿಮೆ ಇರಲಿ ಎಂದು ಅದೇ ಎಐಗೆ ಹೇಳಿದೆ. ಅದೋ ಮಹಾ ಸಾಚಾ. ಚಿತ್ರ ಕೊಟ್ಟು, ಇದರಲ್ಲಿ ತಪ್ಪಿದೆ, ಮಕ್ಕಳಿಗೆ ತಿಳಿಸಿ ಎಂದು ಕೆಳಗೆ ಟಿಪ್ಪಣಿಯನ್ನೂ ಬರೆಯಿತು. ಟಿಪ್ಪಣಿ ಅಳಿಸಿ, ಮರುದಿನ ಬೋರ್ಡಿನ ಮೇಲೆ ಹಾಕಿದೆ. ಹೊಳೆಯುವ ಕೆಂಪು ಏಡಿ, ಎರಡು ದೊಡ್ಡ ಇಕ್ಕಳ, ಆರು ಸಣ್ಣ ಕಾಲು.

ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಕಡಲ ಬದಿಯ ಮಕ್ಕಳು, ಏಡಿ ಸಾರು ಉಂಡು ಬೆಳೆದವರು, ಚಕಾರ ಎತ್ತದೆ ಬರೆದುಕೊಂಡರು! "ಸರಿ ಉಂಟಾ ಇದು?" ಎಂದೆ. ಮುಂದಿನ ಬೆಂಚಿನ ಹುಡುಗಿ ಕನಿಕರದಿಂದ ನನ್ನನ್ನು ನೋಡಿ, "ಬೋರ್ಡಿನಲ್ಲೇ ಉಂಟಲ್ಲ ಟೀಚರ್, ತಪ್ಪು ಹೇಗೆ ಆಗ್ತದೆ?" ಎಂದಳು.

ಲಿಲ್ಲಿ ಟೀಚರ ತಪ್ಪಿಗೆ ಮುಖವಿತ್ತು, ಹಣೆಗೆ ಹೋಗುವ ಕೈಯಿತ್ತು. ಈ ಬೋರ್ಡಿಗೆ ಅದೆಲ್ಲ ಎಲ್ಲಿಂದ ಬರಬೇಕು? ಉಪಾಯ ಕೈಕೊಟ್ಟಿತೆಂದು ಸೋತು, "ನೋಡಿ, ಇದು ತಪ್ಪು. ಏಡಿಗೆ ಹತ್ತು ಕಾಲು" ಎಂದು ಪರದೆಯ ಮೇಲೆ ಬೆರಳಿನಿಂದಲೇ ಆ ಆರಕ್ಕೆ ಇನ್ನೂ ನಾಲ್ಕು ಕಾಲು ಸೇರಿಸಿದೆ.

ಒಂದು ವಿಷಯ ನಿಮಗೆ ಹೇಳಬೇಕು. ನಮ್ಮದು ಮೀನು ಮುಟ್ಟದ ಮನೆ. ಏಡಿ ನನಗೆ ಪುಸ್ತಕದ ಪ್ರಾಣಿ, ಹತ್ತು ಕಾಲು ಎಂಬುದು ಬಾಯಿಪಾಠ.

ಹಿಂದಿನ ಬೆಂಚಿನಿಂದ ಗುರುತಿಲ್ಲದ ದನಿಯೊಂದು ಬಂತು. "ಟೀಚರ್... ಜಾಸ್ತಿ ಆಯ್ತು."

ಜೆನಿಟಾ ಎದ್ದು ನಿಂತಿದ್ದಳು. ಕಿವಿ ಕೆಂಪಾಗಿತ್ತು. "ಆ ದೊಡ್ಡದು ಎರಡು ಉಂಟಲ್ಲ, ಅದನ್ನು ಸೇರಿಸಿಯೇ ಹತ್ತು. ಮನೆಯಲ್ಲಿ ಈ ಕುರ್ಲಿ ಏಡಿ ಕ್ಲೀನ್ ಮಾಡುವುದು ನಾನೇ."

ಎಣಿಸಿ ನೋಡಿದೆ. ನನ್ನ ಏಡಿಗೆ ಹನ್ನೆರಡು ಕಾಲು! ಕೈ ತಾನಾಗಿ ಹಣೆಗೆ ಹೋಯಿತು. ತರಗತಿ ಗೊಳ್ಳೆಂದು ನಕ್ಕಿತು, ನನ್ನನ್ನು ನೋಡಿ. ಜೆನಿಟಾಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಇಷ್ಟು ಸುಖವಾಗಿ ನಾನು ಎಂದೂ ನಗೆಗೀಡಾಗಿರಲಿಲ್ಲ. ಕಣ್ಣು ತುಂಬಿ ಬಂತು.

"ಬಾ ಮಾರಾಯ್ತಿ, ನೀನೇ ಸರಿ ಮಾಡು" ಎಂದೆ.

ಅವಳು ಬಂದು, ಹೆಚ್ಚಾದ ಎರಡು ಕಾಲುಗಳನ್ನು ಅಂಗೈಯಿಂದ ಉಜ್ಜಿ ಅಳಿಸಿದಳು. ಒಮ್ಮೆ ಎಣಿಸಿದಳು. ಆಮೇಲೆ ಹುಡಿಯೇ ಇಲ್ಲದ ಎರಡೂ ಕೈಗಳನ್ನು ಪಟಪಟನೆ ಕೊಡವಿಕೊಂಡು ಹೋಗಿ ಕೂತಳು.