ಪಂಪಿನ ಪಕ್ಕದ ಬಾವಿ

ಅರವತ್ತರ ದಶಕದ ಆರಂಭದಲ್ಲಿ ನಾನು ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿದ್ದೆ. ಒಂದು ಸೈಕಲ್ಲು, ಬಗಲಲ್ಲಿ ಒಂದು ಫೈಲು ಇದ್ದರೆ ಸಾಕು, ಹುಬ್ಬಳ್ಳಿ-ಧಾರವಾಡದ ನಡುವಿನ ಬಾವಿಗಳೆಲ್ಲ ನನ್ನ ಮಾತು ಕೇಳುತ್ತವೆ ಎಂದು ನಂಬಿದ್ದ ವಯಸ್ಸು.

ರಾಯಾಪುರದ ಒಂದು ಓಣಿಯಿಂದ ಅರ್ಜಿ ಬಂತು. ಬಾವಿ ನೀರು ಎಣ್ಣೆ ವಾಸನೆ ಹೊಡೆಯುತ್ತಿದೆ, ಅನ್ನ ಬೇಯಿಸಿದರೆ ಅನ್ನಕ್ಕೂ ಅದೇ ವಾಸನೆ. ಹೋಗಿ ನೋಡಿದರೆ, ಬಾವಿಯ ಒಂದು ಬದಿಗೆ ಲಾರಿ ರಿಪೇರಿ ಮಾಡುವ ಮಿಸ್ತ್ರಿಯ ತಗಡಿನ ಶೆಡ್ಡು. ಇನ್ನೊಂದು ಬದಿಗೆ, ರಸ್ತೆಗೆ ಹೊಂದಿಕೊಂಡು, ಪೆಟ್ರೋಲ್ ಪಂಪು. ಪಂಪಿನ ಪೆಟ್ರೋಲ್ ತುಂಬಿಡುವ ಟಾಕಿ ನೆಲದೊಳಗೆ ಹೂತದ್ದು, ಯಾರ ಕಣ್ಣಿಗೂ ಬೀಳುವುದಿಲ್ಲ. ಮಿಸ್ತ್ರಿಯ ಮಸಿ ಕೈ ಮಾತ್ರ ಎಲ್ಲರಿಗೂ ದಿನಾ ಕಾಣುತ್ತಿತ್ತು. ಓಣಿಯವರು ಆಗಲೇ ತೀರ್ಪು ಕೊಟ್ಟಿದ್ದರು. ಅವನ ಹೆಂಡತಿಗೆ ಬಾವಿಕಟ್ಟೆ ಹತ್ತಬೇಡ ಎಂದಿದ್ದರು. ಆಕೆ ತುಂಬು ಬಸುರಿ, ಅರ್ಧ ಮೈಲಿ ದೂರದಿಂದ ನೀರು ಹೊತ್ತು ತರುತ್ತಿದ್ದಳು.

“ಸಾಮಾನು ತೊಳದ ಸೀಮಿಎಣ್ಣಿ ಇಂವಾ ಬಾವಿ ಕಡೇನ ಚೆಲ್ತಾನ್ರಿ ಸಾಹೇಬ್ರ,” ಎಂದರು ಓಣಿಯ ಹಿರಿಯರೊಬ್ಬರು.

ಮಿಸ್ತ್ರಿ ಜಗಳಕ್ಕೆ ಬರಲಿಲ್ಲ. ಆಗಷ್ಟೇ ಸೇದಿದ ನೀರಿನ ಮೇಲೆ ತೇಲುತ್ತಿದ್ದ ಪದರನ್ನು ಬೆರಳಿನಿಂದ ಎತ್ತಿ ಒಂದು ಅಂಗೈಗೆ ಸವರಿಕೊಂಡ. ಇನ್ನೊಂದಕ್ಕೆ ತನ್ನ ಡಬ್ಬಿಯ ಸೀಮೆಎಣ್ಣೆ ಹನಿಸಿದ.

“ನೋಡ್ರಿ, ಸೀಮಿಎಣ್ಣಿ ಜಿಡ್ಡ ಹಂಗ ಕುಂತೈತಿ. ಬಾವೀದು ಕೈ ತಣ್ಣಗ ಮಾಡಿ ಹಾರಿ ಹೊಂಟೈತಿ. ಇದು ಪೆಟ್ರೋಲ್ರಿ. ನನ್ನ ಹಂತ್ಯಾಕ ಬರೂವು ಎಲ್ಲಾ ಡೀಸೆಲ್ ಲಾರಿ. ಮೂಸಿ ನೋಡ್ರಿ ಬೇಕಾದ್ರ.”

ಮೂಸಿ ನೋಡಿದೆ. ತಲೆಯಾಡಿಸಿ ಪಂಪಿಗೆ ಹೋದೆ. ಅಲ್ಲಿ ಮಾಲೀಕರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. “ಗಟ್ಟಿ ಕಬ್ಬಿಣದ ಟಾಕಿರಿ ನಮ್ದು. ಸೋರೂ ಮಾತ ಇಲ್ಲ,” ಎಂದು ನಕ್ಕರು. ನಾನೂ ನಕ್ಕೆ. ಮರುದಿನ ಮಿಸ್ತ್ರಿಗೆ ನೋಟೀಸು ಹೋಯಿತು: ಎಂಟು ದಿನದಲ್ಲಿ ಶೆಡ್ಡು ಮುಚ್ಚಬೇಕು.

ಎಂಟನೇ ದಿನ ಬಾವಿ ಬರಿದು ಮಾಡಿಸಿ ಬ್ಲೀಚಿಂಗ್ ಪೌಡರ್ ಹಾಕಿಸಲು ಹೋದೆ. ನೀರೆತ್ತಲು ನಾನು ಎಂಜಿನ್ ತರಿಸಿದ್ದೆ, ಎಂಥ ಜಾಣ! ಮಿಸ್ತ್ರಿಯೇ ಓಡಿಬಂದು ತಡೆದ. “ಕಿಡಿ ಹಾರಿದ್ರ ಎಲ್ಲಾರೂ ಸುಟ್ಟು ಹೋಗ್ತೀರಿ. ಕೈಲೆ ಸೇದ್ರಿ, ಯಾರೂ ಬೀಡಿ ಹಚ್ಚಬ್ಯಾಡ್ರಿ.” ಅಷ್ಟು ಹೇಳಿ ತನ್ನ ಕೆಲಸಕ್ಕೆ ಹೋದ.

ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತು. ನಮ್ಮ ಕಡೆ ಬಾವಿಗೆ ಪಾತ್ರೆ ಬಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಟ್ಟು ಹುಡುಕುತ್ತಾರೆ. ಒಬ್ಬ ಮುದುಕಿ ಎಂದೋ ಬಿದ್ದ ತನ್ನ ತಂಬಿಗೆ ಹುಡುಕಲು ಕನ್ನಡಿ ತಂದಳು. ಬಿಸಿಲು ಒಳಗೋಡೆಯ ಮೇಲೆ ಸರಿದಾಡಿತು.

“ಅಯ್ಯ, ಆ ಗ್ವಾಡಿ ನೋಡ್ರಿ!” ಎಂದು ಕೂಗಿದಳು.

ಪಂಪಿನ ಬದಿಯ ಕಲ್ಲಿನ ಸಂದುಗಳಿಂದ ಬಣ್ಣಬಣ್ಣವಾಗಿ ಹೊಳೆಯುತ್ತ ಪೆಟ್ರೋಲ್ ಜಿನುಗುತ್ತಿತ್ತು. ಶೆಡ್ಡಿನ ಬದಿಯ ಗೋಡೆಯಲ್ಲಿ ಬರೀ ನೀರಿನ ತೇವ. ಆಮೇಲೆ ಅಗೆಸಿ ನೋಡಿದರೆ ಟಾಕಿಯ ತಳ ತುಕ್ಕು ತಿಂದು ಜರಡಿಯಾಗಿತ್ತು.

ಆದರೆ ಅಗೆಯುವ ಮೊದಲೇ, ಅಂದೇ, ನಾನು ಶೆಡ್ಡಿಗೆ ಓಡಿದೆ. ಮಿಸ್ತ್ರಿ ಚಕ್ಕಡಿ ಗಾಡಿಗೆ ಸಾಮಾನು ಹೇರಿಯಾಗಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ಮೇಲೆ ಕೂತಿದ್ದಳು. ತಾರಿಹಾಳದ ತವರುಮನೆಗೆ ಹೊರಟಿದ್ದರು.

“ಹೋಗಬ್ಯಾಡ್ರಿ. ನೋಟೀಸು ಹರದ ಹಾಕ್ತೇನಿ. ತಪ್ಪು ನಿಮ್ದಲ್ಲ ಅಂತ ಈಗ ಗೊತ್ತಾತು,” ಎಂದೆ.

ಆತ ಹಗ್ಗ ಬಿಗಿಯುತ್ತಲೇ ಕೇಳಿದ: “ಈಗ ಗೊತ್ತಾತ್ರಿ? ಅವತ್ತ ನನ್ನ ಅಂಗೈ ಮೂಸಿದ್ರಲ್ರಿ ಸಾಹೇಬ್ರ, ಏನ್ ವಾಸನಿ ಬಂದಿತ್ತು?”

ಪೆಟ್ರೋಲ್ ವಾಸನೆಯೇ ಬಂದಿತ್ತು. ನನಗೆ ಅವತ್ತೇ ಗೊತ್ತಾಗಿತ್ತು. ಕುರ್ಚಿ ಹಾಕಿಸಿದವರ ಎದುರು ಬಾಯಿ ಬಾರದೆ, ಕೈ ಚಾಚಿ ನಿಂತವನ ಮೇಲೆ ನೋಟೀಸು ಬರೆದಿದ್ದೆ.