ಹುಣಸೆಹಣ್ಣಿನಲ್ಲಿ ತೊಳೆದ ಫಿರೋಜಾ

ಕಳೆದ ಭಾನುವಾರ ಒಂದು ಉಂಗುರವನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನಲವತ್ತು ದಾಟಿದವನಿಗೆ ಇದು ಶೋಭೆಯೇ?

ನನ್ನ ಹೆಂಡತಿ ಸೀತಮ್ಮ ತೀರಿಹೋಗಿ ಐದು ತಿಂಗಳು. (ಈ ಅಂಕಣ ಓದುವ ನಿಮ್ಮಲ್ಲಿ ಕೆಲವರು ಕಾಗದ ಬರೆದಿದ್ದಿರಿ. ಉತ್ತರಿಸಲಾಗಲಿಲ್ಲ, ಕ್ಷಮಿಸಿ.) ಅವಳಿಗೂ ತಂಗಿ ವನಜಳಿಗೂ ಅವರಪ್ಪ ಒಂದೇ ದಿನ ಫಿರೋಜಾ ಹರಳಿನ ಉಂಗುರ ಮಾಡಿಸಿದ್ದರು. ಎರಡೂ ಆಕಾಶದಷ್ಟು ನೀಲಿ.

ಭಾನುವಾರ ವನಜ ಗಂಡನ ಜೊತೆ ಕುಕ್ ಟೌನಿನಿಂದ ಹಲಸೂರಿನ ನಮ್ಮ ಮನೆಗೆ ಬಂದಳು. ಬೆರಳಲ್ಲಿ ಅದೇ ನೀಲಿ. ಸೀತಮ್ಮನ ಉಂಗುರ ತಂದು ಪಕ್ಕಕ್ಕಿಟ್ಟೆ. ಹಸಿರು!

“ಏನ್ ಭಾವ, ಅಕ್ಕಂದು ಪಾಚಿ ಕಟ್ಟಿದ ಹಾಗಿದೆ? ಗಂಡ ಚೆನ್ನಾಗಿ ನೋಡ್ಕೊಂಡ್ರೆ ಬಣ್ಣ ಹೋಗಲ್ವಂತೆ.”

“ಹಂಗಾದ್ರೆ ನಾನು ಫಸ್ಟ್ ಕ್ಲಾಸ್ ಪಾಸು” ಎಂದ ಅವಳ ಗಂಡ.

ತಮಾಷೆಯೇ. ಆದರೆ ಹೊರಡುವಾಗ ಅವನು ಕೈ ನೀಡಿದ, ಅವಳು ಹಿಡಿದು ಜಟಕಾ ಹತ್ತಿದಳು. ನನಗೆ ಉರಿದುಹೋಯಿತು.

ನೆಟ್ಟಗೆ ಅಡಿಗೆಮನೆಗೆ ಹೋದೆ. ಫಿರೋಜಾದಲ್ಲಿ ತಾಮ್ರವಿದೆಯೆಂದು ಎಲ್ಲೋ ಓದಿದ್ದೆ. ತಾಮ್ರದ ಚೊಂಬು ಹಸಿರುಗಟ್ಟಿದರೆ ಏನು ಮಾಡುತ್ತೇವೆ? ಹುಣಸೆಹಣ್ಣು, ಉಪ್ಪು. ಅರ್ಧ ಗಂಟೆ ಉಜ್ಜಿದೆ. ಹಸಿರೇನೋ ಹೋಯಿತು, ನೀಲಿ ಬರಲಿಲ್ಲ. ಹರಳು ಸೀಮೆಸುಣ್ಣದ ಚೂರಿನಂತಾಯಿತು.

ಮರುದಿನ ದಂಡಿನ ಮಾರ್ಕೆಟ್ಟಿನ ಹಿಂದೆ ಹರಳಿಗೆ ಸಾಣೆ ಹಿಡಿಯುವ ಸಾಹೇಬರ ಬಳಿ ಓಡಿದೆ. (ಯುದ್ಧ ಮುಗಿದು ಗಿರಾಕಿ ಸೋಲ್ಜರುಗಳು ಹೋದ ಮೇಲೆ ಸಾಹೇಬರಿಗೆ ಮಾತಿಗೆ ಪುರುಸೊತ್ತಿದೆ.)

“ಹುಳಿ ಹಾಕಿದ್ರಾ? ಚೊಂಬಾ ಸ್ವಾಮಿ ಇದು?”

“ಹಸಿರಾಗಿತ್ತು, ಸಾಹೇಬ್ರೆ...”

“ಆಗ್ತದೆ! ಮೆದು ಕಲ್ಲು. ಎಣ್ಣೆ, ಬೆವರು, ಸೋಪು, ಎಲ್ಲಾ ಕುಡೀತದೆ. ಪೆಟ್ಟಿಗೇಲಿಟ್ಟು ಯಾವಾಗ್ಲೋ ಒಮ್ಮೆ ಹಾಕಿದ್ರೆ ನೀಲಿ ಹಂಗೇ ಇರ್ತದೆ. ಯಾರು ಹಾಕ್ತಿದ್ರು?”

“ನಮ್ಮ ಮನೆಯವರು.”

“ಕೈಯಿಂದ ತೆಗೀತಾನೇ ಇರ್ಲಿಲ್ಲ, ಅಲ್ವಾ?”

ಇಲ್ಲ. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ, ಶನಿವಾರ ನನ್ನ ನೆತ್ತಿಗೆ ಹರಳೆಣ್ಣೆ ಒತ್ತುವಾಗಲೂ ಅದು ಬೆರಳಲ್ಲೇ ಇತ್ತು. ಹನ್ನೊಂದು ವರ್ಷ.

“ಮತ್ತೆ ಹಸಿರು ಮಾಡಿಕೊಡ್ತೀರಾ?” ಎಂದೆ.

ಸಾಹೇಬರು ಕನ್ನಡಕ ತೆಗೆದರು. “ನೀಲಿ ಕೇಳೋರು ಬರ್ತಾರೆ. ಹಸಿರು ಕೇಳಿದೋರು ನೀವೇ ಮೊದಲು. ಅದು ನಮ್ಮ ಕೈಲಿ ಆಗೋದಲ್ಲ.”

ಸೀತಮ್ಮನ ಹನ್ನೊಂದು ವರ್ಷವನ್ನು ನಾನೇ ಉಜ್ಜಿ ಬಚ್ಚಲಿಗೆ ಚೆಲ್ಲಿದ್ದೆ. ಇಷ್ಟಾದ ಮೇಲಾದರೂ ಹೊಟ್ಟೆಕಿಚ್ಚು ಆರಿತೇ? ಆರಿಲ್ಲ.

ವನಜಳ ಹರಳು ಇನ್ನೂ ನೀಲಿ. ಅದನ್ನು ಹಸಿರು ಮಾಡಿಕೊಳ್ಳಲು ಆ ಗಂಡಹೆಂಡಿರಿಗೆ ಇನ್ನೂ ಎಷ್ಟೊಂದು ವರ್ಷಗಳಿವೆ!